ಬಡವರ ಕುರಿತ ಪೂರ್ವಗ್ರಹಗಳು

ಬಡವರು ಮೈಗಳ್ಳರು, ದುಂದುಗಾರರು, ಕುಡುಕರು, ನಾಳೆಯ ಯೋಚನೆ ಇಲ್ಲದವರು, ಪುಕ್ಕಟೆ ಸಿಕ್ಕಿದರೆ ದುಡಿಯಲೊಲ್ಲದವರು ಎಂಬ ನಂಬಿಕೆಗಳ ಒಂದು ಗುಂಪು. ಇದು ಒಂದು ನಾಡಿಗೋ ಒಂದು ಕಾಲಕ್ಕೋ ಸೀಮಿತವಾದುದಲ್ಲವಾದರೂ ಈ ಲೇಖನ ಮುಖ್ಯವಾಗಿ ಕರ್ನಾಟಕ ಮತ್ತು ಅದರ ನೆರೆಯ ಅನುಭವವನ್ನು ಆಧರಿಸಿದೆ. ಇಲ್ಲಿ ಮಂಡಿಸುವ ವಾದ ಇಷ್ಟು: ಹೊರಗಿನವರ ಕಣ್ಣಿಗೆ ಸ್ವಭಾವದ ದೋಷವೆಂದು ಕಾಣುವುದರಲ್ಲಿ ಬಹುಪಾಲು ಬಡವರ ಕೈಗೆ ದುಡ್ಡು ಬರುವ ರೀತಿಯಿಂದ ಹುಟ್ಟಿದ್ದು. ಆ ದೋಷಾರೋಪ ಕಟ್ಟೆಯ ಮೇಲಿನ ಮಾತಾಗಿ ಉಳಿಯದೆ ಕಾನೂನಿನೊಳಗೆ, ಕಚೇರಿಯ ನಿಯಮದೊಳಗೆ ಸೇರಿಕೊಂಡು ಬಡತನವನ್ನು ಇನ್ನಷ್ಟು ದುಬಾರಿ ಮಾಡುತ್ತದೆ. ಬಡವರ ಮೇಲಿನ ಅನುಮಾನಕ್ಕೆ ಒಂದು ಖರ್ಚಿದೆ. ಅದನ್ನು ತೆರುವವರು ಬಡವರೇ, ತೆರುವುದು ದಿನಗೂಲಿಯಲ್ಲಿ.

ಬಡತನವೆಂದರೆ ಆದಾಯ ಕಡಿಮೆ ಇರುವುದು ಎಂಬುದು ಸಾಮಾನ್ಯ ತಿಳಿವಳಿಕೆ. ಅದಕ್ಕಿಂತ ಹೆಚ್ಚಾಗಿ ಕಾಡುವುದು ಆ ಆದಾಯ ಯಾವ ದಿನ ಬಂದೀತು, ಯಾವ ದಿನ ಬಾರದು ಎಂದು ಗೊತ್ತಿಲ್ಲದಿರುವುದು. ಸಂಬಳದವರಿಗೆ ತಿಂಗಳ ಒಂದನೇ ತಾರೀಖು ಇದೆ. ಗಾರೆ ಕೆಲಸದವರಿಗೆ ಮಳೆ ಸುರಿದ ದಿನ ಕೂಲಿ ಇಲ್ಲ. ಕಳೆ ಕೀಳುವವರಿಗೆ ಮಳೆ ಬಾರದಿದ್ದರೆ ಕೂಲಿ ಇಲ್ಲ. ಬಾಂಗ್ಲಾದೇಶ, ಭಾರತ ಮತ್ತು ದಕ್ಷಿಣ ಆಫ್ರಿಕಾದ ಸುಮಾರು 250 ಬಡ ಕುಟುಂಬಗಳ ಲೆಕ್ಕವನ್ನು ಸಂಶೋಧಕರು ಒಂದು ವರ್ಷದುದ್ದಕ್ಕೂ ಕೆಲವು ವಾರಗಳಿಗೊಮ್ಮೆ ಬರೆದಿಟ್ಟುಕೊಂಡು 2009ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬಂದದ್ದನ್ನು ಬಂದಂತೆಯೇ ತಿಂದು ಮುಗಿಸುವವರು ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ಇದರ ತೀರ ವಿರುದ್ಧ ಚಿತ್ರ: ಅಕ್ಕಪಕ್ಕದವರಿಂದ ಕೈಗಡ, ಅಂಗಡಿಯಲ್ಲಿ ಉದ್ರಿ, ಚೀಟಿ, ಯಜಮಾನನ ಬಳಿ ಮುಂಗಡ, ನಂಬಿಕಸ್ಥರ ಬಳಿ ಇಟ್ಟ ಗಂಟು, ಹೀಗೆ ಒಂದೇ ಮನೆ ಒಂದೇ ವರ್ಷದಲ್ಲಿ ಹಲವು ಬಗೆಯ ವ್ಯವಹಾರ ನಡೆಸುತ್ತಿತ್ತು. ಆದಾಯ ಚಿಕ್ಕದಾದಷ್ಟೂ ಲೆಕ್ಕಾಚಾರ ಹೆಚ್ಚಬೇಕಾಗುತ್ತದೆ. ಉಜ್ವಲಾ ಯೋಜನೆಯಲ್ಲಿ ಗ್ಯಾಸ್ ಸಂಪರ್ಕ ಸಿಕ್ಕಿದರೂ ಸೌದೆ ಒಲೆ ಬಿಡದವರನ್ನು ಹಳೆಯ ಚಾಳಿಯವರು ಎಂದು ಹಳಿಯುವುದುಂಟು. 2025–26ರಲ್ಲಿ 14.2 ಕಿಲೊ ಸಿಲಿಂಡರಿಗೆ ₹800ಕ್ಕೂ ಹೆಚ್ಚು ಬೇಕಿತ್ತು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ₹370 ಇತ್ತು. ಎರಡು ದಿನದ ಕೂಲಿಯನ್ನು ಮೀರಿದ ಮೊತ್ತ, ಆ ದಿನಗಳ ಊಟದ ಖರ್ಚು ಕಳೆದ ಮೇಲೂ, ಒಂದೇ ಸಲಕ್ಕೆ ಕೈಯಲ್ಲಿರಬೇಕು. ಸೌದೆಯನ್ನಾದರೆ ಹೊರೆಹೊರೆಯಾಗಿ ತರಬಹುದು.

ಸಾಲದ ಕತೆಯೂ ಇದೇ. ಚೆನ್ನೈಯ ಹಣ್ಣು ಮಾರುವವರನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ಕಂಡದ್ದು ದಿನಕ್ಕೆ ಸರಾಸರಿ ಶೇ 4.69ರ ಬಡ್ಡಿ. ಬೆಳಿಗ್ಗೆ ಸಾವಿರ ರೂಪಾಯಿ ತೆಗೆದುಕೊಂಡರೆ ಸಂಜೆ ಸಾವಿರದ ನಲವತ್ತೇಳು ಕೊಡಬೇಕು. ವರ್ಷದಲ್ಲಿ 300 ದಿನ ಗಾಡಿ ನಿಲ್ಲಿಸಿದರೆ ಒಂದು ಸಾವಿರದ ಸಾಲಕ್ಕೆ ಸುಮಾರು ₹14,000 ಬಡ್ಡಿ. ಬ್ಯಾಂಕಿನಲ್ಲಿ ಮನೆ ಸಾಲ ಪಡೆಯುವವರು ಇಡೀ ವರ್ಷಕ್ಕೆ ಕೊಡುವ ಬಡ್ಡಿದರದ ಅರ್ಧದಷ್ಟನ್ನು ಇವರು ಒಂದೇ ಹಗಲಿಗೆ ಕೊಡುತ್ತಾರೆ. ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ, ಅದನ್ನು ಮುಚ್ಚಿಡುವುದು ತರವಲ್ಲ. ಸಂಶೋಧಕರು ಇಂಥ ವ್ಯಾಪಾರಿಗಳ ಸಾಲವನ್ನು ಒಮ್ಮೆ ಪೂರ್ತಿ ತೀರಿಸಿಕೊಟ್ಟು ನೋಡಿದರು. ಕಾಲ ಕಳೆದಂತೆ ಅವರಲ್ಲಿ ಬಹುಪಾಲು ಜನ ಮತ್ತೆ ಸಾಲಕ್ಕೆ ಮರಳಿದರು. ಹಾಗಾದರೆ ತಪ್ಪು ಅವರದೇ ಅಲ್ಲವೇ ಎಂದು ಕೇಳಬಹುದು. ಸಾಲ ತೀರಿತು ಸರಿ, ಆದರೆ ಸಾಲಕ್ಕೆ ದೂಡಿದ ಕಾರಣ ತೀರಲಿಲ್ಲ. ಮಗುವಿನ ಜ್ವರ, ಸತ್ತವರ ತಿಥಿ, ಮಳೆಗೆ ಕೊಳೆತ ಹಣ್ಣು ಇವು ಮುಂದಿನ ತಿಂಗಳೂ ಬರುತ್ತವೆ. ಬಂದಾಗ ಕೈಗೆಟುಕುವ ದುಡ್ಡೆಂದರೆ ಬಂಡವಾಳದ್ದೇ. ಆಪತ್ತಿಗೆ ಒದಗುವ ಹಣದ ದಾರಿ ಬೇರೆ ಇಲ್ಲದ ಕಡೆ ಮಿತವ್ಯಯದ ಉಪದೇಶ ಎಷ್ಟು ದಿನ ನಿಂತೀತು? ಮೈಕ್ರೊ ಫೈನಾನ್ಸ್ ಕಂತಿನ ವಸೂಲಿಗೆ ಮನೆ ಬಾಗಿಲಲ್ಲಿ ನಡೆದ ಬಲಾತ್ಕಾರ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಮದುವೆ, ಜಾತ್ರೆಗಳ ಖರ್ಚು ಇನ್ನೊಂದು ಆರೋಪ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುವ ಗಾದೆ ಇದಕ್ಕೆ ಸದಾ ಸಿದ್ಧ. ಆದರೆ ಹಳ್ಳಿಯ ಮದುವೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವನ್ನು ತೆರೆದು ನೋಡಿದರೆ ಅದರಲ್ಲಿರುವುದು ದುಂದಿನ ಲೆಕ್ಕವಲ್ಲ, ಉಳಿತಾಯದ ಲೆಕ್ಕ. ಇಂದು ಹಾಕಿದ ನೂರು ನಾಳೆ ನಮ್ಮ ಮನೆಯ ಕಾರ್ಯಕ್ಕೆ ನೂರಾಗಿಯೋ ನೂರ ಐವತ್ತಾಗಿಯೋ ಮರಳುತ್ತದೆ. ಬ್ಯಾಂಕು ಬಾಗಿಲು ತೆರೆಯದ ಕಾಲದಿಂದ ಜನ ಕಟ್ಟಿಕೊಂಡು ಬಂದ ವ್ಯವಸ್ಥೆ ಅದು. ಅದರಾಚೆಗೆ ಮಾನದ ಪ್ರಶ್ನೆಯೂ ಇದೆ. ನಾಚಿಕೆಯಿಲ್ಲದೆ ನಾಲ್ಕು ಜನರ ನಡುವೆ ಓಡಾಡಲು ಬೇಕಾದುದು ಇಲ್ಲದಿರುವುದೂ ಬಡತನವೇ ಎಂದು ಅಮರ್ತ್ಯ ಸೆನ್ ವಾದಿಸಿದ್ದಾರೆ. ತಮ್ಮ ಕಾಲದ ದಿನಗೂಲಿಯವನಿಗೂ ನಾರುಬಟ್ಟೆಯ ಅಂಗಿ ಅಗತ್ಯವೆಂದ ಆಡಂ ಸ್ಮಿತ್ ಅವರಿಗಿಂತ ಮೊದಲೇ ಇದನ್ನು ಗುರುತಿಸಿದ್ದರು. ಬಡವರು ಸಂಭ್ರಮಿಸಿದರೆ ದುಂದು, ಸಂಭ್ರಮಿಸದಿದ್ದರೆ ಜಿಪುಣತನ ಎನ್ನುವ ಊರಿನಲ್ಲಿ ಒಂದು ದಿನ ಹೊಸ ಸೀರೆ ಉಡುವುದನ್ನು ವಿವೇಕದ ಕೊರತೆ ಎನ್ನಲಾಗದು.

ಬಡವರು ದೂರಾಲೋಚನೆ ಇಲ್ಲದವರು ಎಂಬ ಮಾತಿಗೆ ತಮಿಳುನಾಡಿನ ಕಬ್ಬು ಬೆಳೆಗಾರರ ನಡುವೆ ನಡೆದ ಒಂದು ಅಧ್ಯಯನ ಮುಖ್ಯವಾದ ಉತ್ತರ ಕೊಡುತ್ತದೆ. 2013ರಲ್ಲಿ ಪ್ರಕಟವಾದ ಅದರಲ್ಲಿ 464 ರೈತರಿಗೆ ಕಟಾವಿಗೆ ಮುಂಚೆ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಒಮ್ಮೆ ಬುದ್ಧಿಯ ಪರೀಕ್ಷೆಗಳನ್ನು ಕೊಡಲಾಯಿತು. ಕೈ ಬರಿದಾಗಿದ್ದಾಗ ಕಡಿಮೆ ಅಂಕ ಪಡೆದ ಅದೇ ರೈತರು ಹಣ ಬಂದ ಮೇಲೆ ಹೆಚ್ಚು ಪಡೆದರು. ಈ ಬಗೆಯ ಇತರ ಕೆಲವು ಪ್ರಯೋಗಗಳು ಮರುಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತಿಲ್ಲ, ಆದ್ದರಿಂದ ಇದೊಂದನ್ನೇ ನೆಚ್ಚಿ ದೊಡ್ಡ ಸಿದ್ಧಾಂತ ಕಟ್ಟುವುದು ಸರಿಯಲ್ಲ. ಆದರೂ ಇಲ್ಲಿ ಹೋಲಿಸಿದ್ದು ಬಡವನನ್ನು ಸಿರಿವಂತನೊಡನೆ ಅಲ್ಲ, ಒಬ್ಬನನ್ನು ಅವನೊಡನೆಯೇ ಎಂಬುದನ್ನು ಗಮನಿಸಬೇಕು. ನಾಲ್ಕು ತಿಂಗಳಲ್ಲಿ ಯಾರ ಹುಟ್ಟುಗುಣವೂ ಬದಲಾಗುವುದಿಲ್ಲ.

ಈ ಪೂರ್ವಗ್ರಹಕ್ಕೆ ನಮ್ಮ ನಾಡಿನಲ್ಲಿ ದಾಖಲಾದ ಚರಿತ್ರೆ ಇದೆ. ಇಂಗ್ಲೆಂಡಿನ 1834ರ ಬಡವರ ಕಾನೂನು ನೆರವು ಬೇಡುವವರನ್ನು ದುಡಿಮೆಮನೆಗೆ ತಳ್ಳಿತು. ಒಳಗಿನ ಬಾಳು ಹೊರಗಿನ ಅತಿ ಕಡುಬಡ ಕೂಲಿಯವನ ಬಾಳಿಗಿಂತ ಕೀಳಾಗಿರಬೇಕು, ಇಲ್ಲದಿದ್ದರೆ ಸೋಮಾರಿಗಳು ತುಂಬಿಕೊಳ್ಳುತ್ತಾರೆ ಎಂಬುದು ಅದರ ತತ್ವ. ಅದೇ ತತ್ವ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876–78ರಲ್ಲಿ, ದಕ್ಷಿಣ ಭಾರತಕ್ಕೆ ಬಂದಿಳಿಯಿತು. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಕಳುಹಿಸಿದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆ ಸಾಕೆಂದು ಕೂಲಿ ಇಳಿಸಿದರು. ಇಷ್ಟರಲ್ಲಿ ಮೈಮುರಿದು ದುಡಿಯುವವರು ಬದುಕಿ ಉಳಿಯಲಾರರೆಂದು ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಪಟ್ಟುಹಿಡಿದು ವಿರೋಧಿಸಿದರು. ಕೆಲವೇ ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಟೆಂಪಲ್ ಕ್ರೂರಿ ಎಂದು ಹೇಳಿ ಮುಗಿಸಿದರೆ ಸಾಲದು: 1874ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಸಾವಿರಾರು ಜೀವ ಉಳಿಸಿದ್ದವರು ಇವರೇ, ಅತಿಯಾಗಿ ಖರ್ಚು ಮಾಡಿದರೆಂದು ಬೈಸಿಕೊಂಡವರೂ ಇವರೇ. ಬಡವರ ಮೇಲೆ ಅನುಮಾನಪಡುವುದನ್ನು ಅಧಿಕಾರಿಗೆ ಆಡಳಿತವೇ ಕಲಿಸಿತು. ಆಗ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಇಷ್ಟಾದ ಮೇಲೂ 1880ರ ಕ್ಷಾಮ ಆಯೋಗಕ್ಕಿದ್ದ ಒಂದು ಭಯವೆಂದರೆ, ಬರದಲ್ಲಿ ನೆರವು ಹಕ್ಕೆಂದು ಒಪ್ಪಿದರೆ ಮಿಕ್ಕ ಕಾಲದಲ್ಲೂ ಜನ ಹಾಗೆಯೇ ಕೇಳಿಯಾರು ಎಂಬುದು.

ಇಂಥ ಅನುಮಾನ ಇಡೀ ಸಮುದಾಯಗಳ ಮೇಲೆ ಮುದ್ರೆಯಾಗಿ ಬಿದ್ದದ್ದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ. ಅಲೆದು ಉಪ್ಪು, ಧಾನ್ಯ ಸಾಗಿಸಿ ಬದುಕುತ್ತಿದ್ದವರ ಕಸುಬನ್ನು ರೈಲು ಕಿತ್ತುಕೊಂಡಿತು. ಕಸುಬು ಹೋದವರನ್ನು ಕಾನೂನು ಹುಟ್ಟು ಕಳ್ಳರೆಂದು ಕರೆಯಿತು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ ಜಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. 1952ರಲ್ಲಿ ಕಾನೂನು ರದ್ದಾಯಿತು, ಊರಲ್ಲಿ ಕಳವಾದಾಗ ಮೊದಲು ಆ ಕೇರಿಯತ್ತ ತಿರುಗುವ ಕಣ್ಣು ರದ್ದಾಗಲಿಲ್ಲ. ಬಡವರ ಕುರಿತ ಮಾತು ನಮ್ಮಲ್ಲಿ ಹಲವು ಸಲ ಜಾತಿಯ ಕುರಿತ ಮಾತೇ ಆಗಿರುತ್ತದೆ, ಹೆಸರು ಬದಲಿಸಿಕೊಂಡಿರುತ್ತದೆ ಅಷ್ಟೆ.

ಇಂದು ಆ ಅನುಮಾನ ವಾಸವಾಗಿರುವುದು ಪಡಿತರ ಅಂಗಡಿಯ ಸಾಲಿನಲ್ಲಿ, ನಾಡಕಚೇರಿಯ ಕಿಟಕಿಯಲ್ಲಿ. ಆದಾಯ ಪ್ರಮಾಣಪತ್ರ, ಇ-ಕೆವೈಸಿ, ಬೆರಳಚ್ಚು, ಪ್ರತಿಯೊಂದೂ ಬಡವರು ಸುಳ್ಳು ಹೇಳಿಯಾರು ಎಂಬ ಊಹೆಯ ಮೇಲೆ ನಿಂತಿದೆ. ಕಲ್ಲು, ಸಿಮೆಂಟು, ಪಾತ್ರೆ ತಿಕ್ಕುವ ಪುಡಿಗೆ ಸವೆದ ಬೆರಳಿನ ಗೆರೆಯನ್ನು ಯಂತ್ರ ಗುರುತಿಸದು. ಸರ್ವರ್ ಇಲ್ಲ, ನಾಳೆ ಬನ್ನಿ ಎಂದರೆ ನಾಳೆಯ ಕೂಲಿಯೂ ಹೋಯಿತು. 2021ರ ಫೆಬ್ರುವರಿಯಲ್ಲಿ ಆಗಿನ ಆಹಾರ ಸಚಿವರು ಟಿವಿ, ಫ್ರಿಜ್, ಬೈಕ್ ಇರುವವರು ಬಿಪಿಎಲ್ ಕಾರ್ಡ್ ಹಿಂದಿರುಗಿಸಬೇಕೆಂದರು. ವಿರೋಧ ಎದ್ದ ಮೇಲೆ ಸರ್ಕಾರ ಹಿಂದೆ ಸರಿಯಿತು. ಅನರ್ಹರ ಬಳಿ ಕಾರ್ಡ್ ಇರುವುದು ನಿಜವಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದೇ. ಇದೆ, ಅದನ್ನು ತಡೆಯಬೇಕಾದ್ದೂ ನಿಜ. ಆದರೆ ಕಂತಿನ ಮೇಲೆ ಕೊಂಡ ಹಳೆಯ ಬೈಕು ಕೂಲಿ ಸಿಗುವ ಕಡೆಗೆ ಒಯ್ಯುವ ಸಾಧನ, ಸಿರಿವಂತಿಕೆಯ ಗುರುತಲ್ಲ. ಜರಡಿಯ ಕಣ್ಣು ಕಿರಿದಾದಷ್ಟೂ ಮೊದಲು ಹೊರಗುಳಿಯುವವರು ಕಾಗದಪತ್ರ ಹೊಂದಿಸಲಾರದವರು, ಅಂದರೆ ಒಳಗಿರಬೇಕಾದವರೇ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪಣೆ, 2013ರಲ್ಲಿ ಪಡಿತರದ ಅಕ್ಕಿ ಕೊಡುವ ಅನ್ನಭಾಗ್ಯ ಯೋಜನೆ ಬಂದಂದಿನಿಂದ ಕೂಲಿಗೆ ಆಳು ಸಿಗುತ್ತಿಲ್ಲ ಎಂಬುದು. ನಾಟಿ, ಕಟಾವಿನ ಹೊತ್ತಿಗೆ ಆಳು ಸಿಗದೆ ಸಣ್ಣ ಹಿಡುವಳಿಯ ರೈತರು ಪಡುವ ಕಷ್ಟ ಸುಳ್ಳಲ್ಲ, ಅವರಲ್ಲಿ ಅನೇಕರು ತಾವೇ ಬಡವರು. ಅದಕ್ಕೆ ಅಕ್ಕಿ ಕಾರಣವೇ ಎಂಬುದನ್ನು ತೂಕ ಹಾಕಿ ನೋಡಬೇಕು. ಆಹಾರ ಭದ್ರತಾ ಕಾಯ್ದೆ ತಲೆಗೆ ಕೊಡುವ ತಿಂಗಳಿಗೆ 5 ಕಿಲೊ ಎಂದರೆ ದಿನಕ್ಕೆ ಸುಮಾರು 166 ಗ್ರಾಂ, ಸುಮಾರು 575 ಕ್ಯಾಲೊರಿ. ಅದನ್ನು ಇಮ್ಮಡಿ ಮಾಡಿದರೂ ದುಡಿಯುವ ಮೈಗೆ ಸಾಲದು. ಬೇಳೆ, ಎಣ್ಣೆ, ಬಾಡಿಗೆ, ಮಾತ್ರೆ, ಶಾಲೆಯ ಶೂ ಯಾವುದೂ ಅಕ್ಕಿಯಿಂದ ಬಾರದು. ಆರು ದೇಶಗಳ ಏಳು ನಗದು ನೆರವಿನ ಪ್ರಯೋಗಗಳ ಅಂಕಿಅಂಶವನ್ನು ಒಟ್ಟುಗೂಡಿಸಿ ನೋಡಿದ, ಅಭಿಜಿತ್ ಬ್ಯಾನರ್ಜಿಯವರೂ ಸೇರಿದ್ದ ತಂಡಕ್ಕೆ ನೆರವಿನಿಂದ ದುಡಿಮೆ ಕುಗ್ಗಿದ ಸುಳಿವು ಸಿಗಲಿಲ್ಲ. ಮನೆಯಲ್ಲಿ ಅಕ್ಕಿ ಇದ್ದವರು ತೀರ ಕಡಿಮೆ ಕೂಲಿಗೆ ಒಲ್ಲೆ ಎನ್ನಬಲ್ಲರು ಎಂಬುದು ಮಾತ್ರ ನಿಜ. ಹಸಿವಿನ ಭಯದಿಂದ ಬಂದು ನಿಲ್ಲುತ್ತಿದ್ದವರು ಚೌಕಾಸಿ ಮಾಡಲು ಕಲಿತದ್ದನ್ನು ಸೋಮಾರಿತನ ಎಂದು ಕರೆಯುತ್ತಿದ್ದೇವೆ. ಇದೇ ಚೌಕಾಸಿಯನ್ನು ಸಂಬಳದವರು ಮಾಡಿದರೆ ಅದು ಜಾಣತನ. ಇನ್ನು ಹೆಣ್ಣಿನ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟರೆ, ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 97 ನಿಮಿಷ. ಎಲ್ಲ ವರ್ಗಗಳನ್ನೂ ಸೇರಿಸಿದ ಲೆಕ್ಕ ಇದು. ನಲ್ಲಿ, ಗ್ಯಾಸು ಇಲ್ಲದ ಮನೆಯಲ್ಲಿ ನೀರು, ಸೌದೆ ಹೊರುವ ಹೊತ್ತನ್ನೂ ಇದಕ್ಕೆ ಕೂಡಿಸಿಕೊಳ್ಳಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ದಿನವಿಡೀ ಕೆಸರಿನಲ್ಲೇ ನಿಂತು ನಾಟಿ ಹಾಕುವವರ ವಿಷಯದಲ್ಲಿ ಮಾತ್ರ ಯಾಕೋ ನಿಜವಾಗಿಲ್ಲ.

ಕುಡಿತದ ಆರೋಪವನ್ನು ತಳ್ಳಿಹಾಕುವಂತಿಲ್ಲ. ಕೂಲಿಯ ದುಡ್ಡು ಮನೆ ಸೇರುವ ಮೊದಲೇ ಕರಗಿ ಹೋಗುವ ಮನೆಗಳಿವೆ, ಅಲ್ಲಿ ಏಟು ತಿನ್ನುವ ಹೆಂಡತಿ ಮಕ್ಕಳಿದ್ದಾರೆ. ಆದರೆ ನೆರವಿನ ಹಣ ಹೆಂಡದಂಗಡಿಗೆ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಲವು ದೇಶಗಳ ನಗದು ನೆರವಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದವರು ಮದ್ಯ, ತಂಬಾಕಿನ ಖರ್ಚು ಅದರಿಂದ ಏರಿದ್ದನ್ನು ಕಾಣಲಿಲ್ಲ. ಕುಡಿತದ ವಿರುದ್ಧ ಎಲ್ಲರಿಗಿಂತ ಗಟ್ಟಿಯಾಗಿ ದನಿ ಎತ್ತಿದವರೂ ಬಡವರೇ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು, ಹೆಚ್ಚಿನವರು ಹಳ್ಳಿಗಾಡಿನ ಕೂಲಿಯವರು, ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೊಮೀಟರ್ ನಡೆದು ಬಂದರು. ಅವರು ಬೇಡವೆಂದ ಮದ್ಯದಿಂದಲೇ, ಅಂದರೆ ಅಬಕಾರಿಯಿಂದ, ರಾಜ್ಯದ 2025–26ರ ಬಜೆಟ್ ನಿರೀಕ್ಷಿಸಿದ ವರಮಾನ ₹40,000 ಕೋಟಿ.

ಬಡವರೇ ಒಂದು ಬಗೆಯ ಬದುಕಿಗೆ ಒಗ್ಗಿಹೋಗಿ ಅದನ್ನು ಮಕ್ಕಳಿಗೂ ದಾಟಿಸುತ್ತಾರೆ ಎಂಬ ವಾದವನ್ನು ಮೆಕ್ಸಿಕೊದ ಕುಟುಂಬಗಳನ್ನು ಅಭ್ಯಸಿಸಿದ ಮಾನವಶಾಸ್ತ್ರಜ್ಞ ಆಸ್ಕರ್ ಲೂಯಿಸ್ 1959ರಲ್ಲಿ ‘ಬಡತನದ ಸಂಸ್ಕೃತಿ’ ಎಂದು ಕರೆದರು. ಬಡವರ ಪರವಾಗಿಯೇ ಬರೆದ ಅವರ ಮಾತನ್ನು ಮುಂದೆ ಬಡವರನ್ನು ದೂರುವವರು ಬಳಸಿಕೊಂಡರು. ಕನ್ನಡದ ‘ಬಡವಾ ನೀ ಮಡಗಿದ್ಹಾಂಗಿರು’ ಎಂಬ ಗಾದೆ ಈ ವಿಷಯದಲ್ಲಿ ಹೆಚ್ಚು ನೇರ. ಒಗ್ಗಿಹೋಗುವುದು ಎನ್ನುವುದರ ಹಿಂದೆ ಮಡಗುವ ಒಂದು ಕೈ ಇದೆ ಎಂದು ಅದು ಒಪ್ಪಿಕೊಂಡುಬಿಡುತ್ತದೆ. ಭಿಕ್ಷೆಯ ಕಾನೂನಿನಲ್ಲೂ ಆ ಕೈ ಕಾಣುತ್ತದೆ. 2018ರಲ್ಲಿ ದೆಹಲಿ ಹೈಕೋರ್ಟ್ ಭಿಕ್ಷೆಯನ್ನು ಅಪರಾಧವೆನ್ನುವ ಕಲಂಗಳನ್ನು ಅಲ್ಲಿನ ಮಟ್ಟಿಗೆ ರದ್ದುಪಡಿಸಿತು. ಅನ್ನ, ಸೂರು ಒದಗಿಸಲಾರದ ಸರ್ಕಾರ ಬೇಡುವವರನ್ನು ಶಿಕ್ಷಿಸುವುದು ಹೇಗೆ ಎಂಬುದು ಆ ತೀರ್ಪಿನ ಒಳಗಿದ್ದ ಪ್ರಶ್ನೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡಬಹುದು. ಅದರ ವೆಚ್ಚಕ್ಕಾಗಿ ಮನೆ, ನಿವೇಶನ ಉಳ್ಳವರು ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಕರ ಕಟ್ಟುತ್ತಾರೆ. ಹಲವು ಕಡೆ ತೆರಿಗೆ ರಸೀತಿಯಲ್ಲಿ ಅದು ಪ್ರತ್ಯೇಕ ಸಾಲಾಗಿ ನಮೂದಾಗಿರುತ್ತದೆ.