ಐಗಳ ಮಠದ ಬಾಯಿಲೆಕ್ಕ

ಈಚೆಗೆ ಹುಬ್ಬಳ್ಳಿಯ ಒಂದು ಬೀದಿಯಲ್ಲಿ ಫಲಕವೊಂದು ಕಣ್ಣಿಗೆ ಬಿದ್ದಿತು. ಮಕ್ಕಳ ಏಕಾಗ್ರತೆ, ಜ್ಞಾಪಕಶಕ್ತಿ, ಶೀಘ್ರಗಣನೆಗಳನ್ನು ಬೆಳೆಸಿಕೊಡುವ ‘ಬುದ್ಧಿಕೌಶಲದ ತರಬೇತುದಾರರು’ ಮಾಳಿಗೆಯ ಮೇಲೆ ಇರುವರೆಂದು ಅದರಲ್ಲಿ ಬರೆದಿತ್ತು. ಮಣಿಗಳ ಚೌಕಟ್ಟು ಹಿಡಿದುಕೊಂಡು ಮಕ್ಕಳು ಮೆಟ್ಟಿಲೇರುತ್ತಿದ್ದರು. ಕೆಳಗೆ ತಾಯಂದಿರು ಸ್ಕೂಟರುಗಳ ಬಳಿ ಕಾದು ನಿಂತಿದ್ದರು. ಹೆಸರೇನೋ ಹೊಸದು, ಕಸುಬು ಮಾತ್ರ ನಮ್ಮ ಕಡೆಗೆ ಹೊಸದಲ್ಲ. ಅಜ್ಜಂದಿರ ಕಾಲಕ್ಕೆ ಈ ಕೆಲಸ ಮಾಡುತ್ತಿದ್ದವರನ್ನು ಐಗಳು ಎನ್ನುತ್ತಿದ್ದರು. ಸರಕಾರಿ ಕಾಗದಪತ್ರಗಳಲ್ಲಿ ಅವರದು ಗಾವಟಿ ಶಾಲೆ. ಜನರ ಬಾಯಲ್ಲಿ ಐಗಳ ಮಠ.

ನನ್ನ ತಾಯಿಯ ತಂದೆ ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯವರು. ಐಗಳ ಕೈಯಲ್ಲಿ ಪೆಟ್ಟು ತಿಂದು ಕಲಿತ ಕೊನೆಯ ತಲೆಮಾರಿಗೆ ಸೇರಿದವರು. ನಾಲ್ಕು ವರ್ಷ ಮಠ, ಆಮೇಲೆ ನೇಗಿಲು—ಅವರ ವಿದ್ಯಾಭ್ಯಾಸ ಅಷ್ಟೇ. ಆದರೆ ಸಂತೆಯಲ್ಲಿ ಅವರೊಡನೆ ನಿಂತವರಿಗೆ ಆ ನಾಲ್ಕು ವರ್ಷಗಳ ಬೆಲೆ ತಿಳಿಯುತ್ತಿತ್ತು. ಮೆಣಸಿನಕಾಯಿ ಮಣಕ್ಕೆ 18 ರೂಪಾಯಿಯಾದರೆ ಏಳೂವರೆ ಸೇರಿಗೆ ಏನಾಯಿತೆಂದು ಯಾರಾದರೂ ಕೇಳಿದರೆ, ಕೇಳಿದವರ ಬಾಯಿ ಮುಚ್ಚುವುದರೊಳಗಾಗಿ ‘ಮೂರು ರೂಪಾಯಿ ಆರಾಣೆ’ ಎಂದುಬಿಡುತ್ತಿದ್ದರು.

ಇದರಲ್ಲಿ ಮಾಟವೇನೂ ಇರಲಿಲ್ಲ. ಸರಕಾರಿ ತೂಕದಲ್ಲಿ ಮಣಕ್ಕೆ 40 ಸೇರು, ರೂಪಾಯಿಗೆ 16 ಆಣೆ. ನಲವತ್ತನ್ನು ಹದಿನಾರರಿಂದ ಭಾಗಿಸಿದರೆ ಅಡೀಚ, ಎಂದರೆ ಎರಡೂವರೆ. ಆದುದರಿಂದ ಮಣಕ್ಕೆ ಎಷ್ಟು ರೂಪಾಯಿಯೋ ಅಡೀಚ ಸೇರಿಗೆ ಅಷ್ಟೇ ಆಣೆ. ಏಳೂವರೆ ಸೇರೆಂದರೆ ಮೂರು ಅಡೀಚ. ಹದಿನೆಂಟು ಮೂರಲಿ ಐವತ್ತನಾಲ್ಕು ಆಣೆ. ಸೇರಿಗೆ 16 ಚಟಾಕು ಆದುದರಿಂದ, ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ. ಕಾಲು, ಅರ್ಧ, ಮುಕ್ಕಾಲು, ಸವ್ವಾ, ದೀಡ, ಅಡೀಚ—ಇವುಗಳ ಮಗ್ಗಿಗಳನ್ನೆಲ್ಲ ಐಗಳು ಏಕೆ ಅಷ್ಟು ಹಟ ಹಿಡಿದು ಬಾಯಿಪಾಠ ಮಾಡಿಸುತ್ತಿದ್ದರೆಂಬುದು ಸಂತೆಯಲ್ಲಿ ನಿಂತಾಗಲೇ ಗೊತ್ತಾಗುವ ಸಂಗತಿ.

ಮಠದ ಒಳಗೆ ಏನು ನಡೆಯುತ್ತಿತ್ತೆಂಬುದಕ್ಕೆ ಒಳ್ಳೆಯ ಸಾಕ್ಷಿ ತುಂಗಭದ್ರೆಯ ಆಚೆಯ ದಡದಿಂದ ದೊರೆಯುತ್ತದೆ. ಪೇಶ್ವೆಯ ರಾಜ್ಯ ಬಿದ್ದಾಗ, 1817-18ರಲ್ಲಿ, ಧಾರವಾಡದ ಸೀಮೆಯನ್ನು ಕಂಪನಿಗೆ ಗೆದ್ದುಕೊಟ್ಟವನು ಥಾಮಸ್ ಮನ್ರೋ. ಅವನೇ ಮುಂದೆ ಮದರಾಸಿನ ಗವರ್ನರನಾಗಿ, ತನ್ನ ಆಧಿಪತ್ಯದಲ್ಲಿ ನಾಡ ಶಾಲೆಗಳು ಎಷ್ಟಿವೆ, ಏನು ಕಲಿಸುತ್ತವೆ ಎಂಬುದನ್ನು ತಿಳಿಸಬೇಕೆಂದು 1822ರಲ್ಲಿ ಎಲ್ಲ ಕಲೆಕ್ಟರರಿಗೂ ಬರೆದನು. ಅಂಕಿಗಳನ್ನಷ್ಟೇ ಕಳಿಸಿ ಕೈತೊಳೆದುಕೊಂಡವರು ಹಲವರು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. 1823ರ ಆಗಸ್ಟಿನಲ್ಲಿ ಅವನು ಬರೆದ ವರದಿ, ಜಗಲಿಯ ಮೇಲೆ ಕುಳಿತು ಕಂಡದ್ದನ್ನು ಬರೆದ ಹಾಗಿದೆ.

ಮುಂಜಾನೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ‘ಸರಸ್ವತಿ’ ಎಂದು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಅನಂತರ ಬಂದವರಿಗೆ ಒಂದೊಂದು ಹೆಚ್ಚು. ಕಡೆಯವನ ಗತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಅವನು ಎಣಿಕೆಯನ್ನಂತೂ ಚೆನ್ನಾಗಿ ಕಲಿತಿರಬೇಕು! ಅಕ್ಷರಗಳನ್ನು ಮೊದಲು ಉಸುಕಿನ ಮೇಲೆ ಬೆರಳಿನಿಂದ ತಿದ್ದಿಸುವರು, ಆಮೇಲೆ ಕಡತದ ಮೇಲೆ ಬಳಪದಿಂದ. ದಿನಕ್ಕೆ ಎರಡು ಬಾರಿ ಹುಡುಗರೆಲ್ಲ ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬ ಹೇಳಿಕೊಟ್ಟಂತೆ ಮಗ್ಗಿಗಳನ್ನು ಒಕ್ಕೊರಲಿನಿಂದ ಹೇಳುವರು. ಇಲ್ಲಿಯ ಭಿನ್ನರಾಶಿಗಳು ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಇಳಿಯುವುದನ್ನು ಕ್ಯಾಂಪ್‌ಬೆಲ್ ಗಮನಿಸಿದ್ದಾನೆ: ಕಾಲು, ಅದರ ಕಾಲು ವೀಸ, ಅದರ ಕಾಲು ಕಾಣಿ. ಇನ್ನೊಂದು ಪಾಠವೂ ಇತ್ತು. ಐಗಳು ಎಲ್ಲೆಲ್ಲಿಂದಲೋ ಹಳೆಯ ಕಾಗದಪತ್ರಗಳನ್ನು ಕೂಡಿಸಿ ತಂದು, ಬಗೆಬಗೆಯ ಕೆಟ್ಟ ಕೈಬರಹಗಳನ್ನು ಹುಡುಗರಿಂದ ಓದಿಸುತ್ತಿದ್ದರು. ಸಾಲದ ಪತ್ರದ ಅಕ್ಷರ ತನಗೆ ಓದಲು ಬಾರದ ರೈತನ ಗತಿ ಏನೆಂಬುದನ್ನು ಬಲ್ಲವರು ಈ ಪಾಠವನ್ನು ಹಗುರಾಗಿ ಕಾಣಲಾರರು.

ಹಿರಿಯ ಹುಡುಗ ಕಿರಿಯನಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಬಹಳ ಮೆಚ್ಚಿದ್ದಾನೆ. ಅದಕ್ಕೂ ಮೊದಲೇ ಆಂಡ್ರೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥಾಲಯದಲ್ಲಿ ಅದನ್ನು ಪ್ರಯೋಗಿಸಿ, 1797ರಲ್ಲಿ ಅದರ ಮೇಲೆ ಪುಸ್ತಕವನ್ನೇ ಅಚ್ಚು ಹಾಕಿಸಿದ್ದನು. ಇಂಗ್ಲೆಂಡಿನ ಬಡವರ ಮಕ್ಕಳು ಅದೇ ರೀತಿ ಕಲಿತರು. ನಮ್ಮ ಐಗಳಿಗೆ ಇದರ ಸುದ್ದಿ ಮುಟ್ಟಿರಲಾರದು.

ಆದರೆ ಕ್ಯಾಂಪ್‌ಬೆಲ್ ಹೊಗಳಿ ಸುಮ್ಮನಾಗಲಿಲ್ಲ. ಹುಡುಗರು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ಎಂದು ಕಟುವಾಗಿಯೇ ಬರೆದನು. ಈ ಮಾತನ್ನು ಅರ್ಧ ಒಪ್ಪಬೇಕು. ಹಳೆಯ ನುಡಿಯ ಪದ್ಯಗಳ ಮಟ್ಟಿಗೆ ಅದು ನಿಜ. ಮಗ್ಗಿಯ ವಿಷಯ ಬೇರೆ. ಮುಂಜಾನೆ ಹೇಳಿದ ಅಡೀಚದ ಮಗ್ಗಿ ಸಂಜೆಗೆ ಅಂಗಡಿಯಲ್ಲಿ ಅರ್ಥವಾಗುತ್ತಿತ್ತು.

ಅವನ ಅಂಕಿಗಳೂ ಯೋಚನೆಗೆ ಹಚ್ಚುತ್ತವೆ. ಜಿಲ್ಲೆಯಲ್ಲಿ 533 ಶಾಲೆಗಳು; ಅವುಗಳಲ್ಲಿ ಕನ್ನಡದವು 235. ಒಟ್ಟು ವಿದ್ಯಾರ್ಥಿಗಳು 6,641. ಬ್ರಾಹ್ಮಣ ಹುಡುಗರು 1,185, ಶೂದ್ರರೆಂದು ಬರೆಸಿದವರು 2,998, ಮುಸಲ್ಮಾನರು 243. ಓದು ಒಂದೇ ಜಾತಿಯ ಸೊತ್ತಾಗಿತ್ತೆಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಹಾಗೆಂದು ಹಿಗ್ಗುವಂತೆಯೂ ಇಲ್ಲ: ಒಂಬತ್ತು ಲಕ್ಷಕ್ಕೆ ಮಿಕ್ಕಿದ ಜನರಲ್ಲಿ ಮಠಕ್ಕೆ ಹೋಗುತ್ತಿದ್ದವರು ಸಾವಿರಕ್ಕೆ ಏಳು. ಹೆಣ್ಣುಮಕ್ಕಳು ಜಿಲ್ಲೆಗೆಲ್ಲ 60. ನನ್ನ ಅಜ್ಜಿ ಬೆಣ್ಣೆ ಮಾರಿದ ಲೆಕ್ಕವನ್ನು ಬೆರಳ ಗೆಣ್ಣುಗಳ ಮೇಲೆ ಇಡುತ್ತಿದ್ದಳು, ಎಂದೂ ತಪ್ಪಲಿಲ್ಲ. ಅವಳಿಗೆ ಯಾವ ಐಗಳೂ ಕಲಿಸಿರಲಿಲ್ಲ.

ಶಿಗ್ಗಾಂವಿ ತಾಲ್ಲೂಕಿನದೇ ಆದ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫ ಸಾಹೇಬರು, ಈ ವರದಿ ಬರೆದ ವರ್ಷ ನಾಲ್ಕರ ಕೂಸು. ಮುಂದೆ ಅವರೂ ಕೆಲಕಾಲ ಶಾಲಾಮಾಸ್ತರಿಕೆ ಮಾಡಿ ಬಿಟ್ಟರು. ಅಷ್ಟರಲ್ಲಿ ಕಾಲ ಬದಲಾಗುತ್ತಲಿತ್ತು. 1855ರಲ್ಲಿ ಮುಂಬಯಿ ಸರಕಾರದ ವಿದ್ಯಾಖಾತೆ ಹುಟ್ಟಿತು. ಡೆಪ್ಯುಟಿ ಚನ್ನಬಸಪ್ಪನವರಂಥವರ ದುಡಿಮೆಯಿಂದ ಕನ್ನಡ ಶಾಲೆಗಳು ಹೆಚ್ಚಿದವು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತ ಮಾಸ್ತರರು ಹಳ್ಳಿಗಳಿಗೆ ಬಂದರು. ಐಗಳು ಮೂಲೆಗೆ ಸರಿದರು. ಆದರೂ ಅವರ ಬಾಯಿಲೆಕ್ಕ ಹೊಸ ಶಾಲೆಯಲ್ಲಿಯೂ ಉಳಿಯಿತು. ಅದನ್ನು ಕೊಂದದ್ದು ಖಾತೆಯಲ್ಲ, ನಾಣ್ಯ.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಿತು. ಮುಂದಿನ ಐದು ವರ್ಷಗಳಲ್ಲಿ ಸೇರು ಹೋಗಿ ಕಿಲೋ ಬಂದಿತು. ಹದಿನಾರರ ಲೋಕ ನೂರರ ಲೋಕವಾಯಿತು. ಒಂದರಲ್ಲಿ ಪಡೆದ ಪಳಗಿಕೆ ಇನ್ನೊಂದಕ್ಕೆ ತಾನಾಗಿ ಹರಿಯಲಾರದೆಂದು ಅಮೆರಿಕದ ಥಾರ್ನ್‌ಡೈಕ್, ವುಡ್‌ವರ್ತ್ ಎಂಬ ಪಂಡಿತರು 1901ರಲ್ಲಿಯೇ ಪ್ರಯೋಗ ಮಾಡಿ ಹೇಳಿದ್ದರು. ಒಂದು ಬಗೆಯ ಆಕೃತಿಯ ವಿಸ್ತಾರವನ್ನು ಅಂದಾಜು ಮಾಡಲು ಕಲಿತವರು ಬೇರೆ ಆಕೃತಿ ಬಂದಾಗ ಮತ್ತೆ ತಡವರಿಸಿದರು. ಮಾಳಿಗೆಯ ಮೇಲಿನ ತರಬೇತುದಾರರು ಒಟ್ಟು ಬುದ್ಧಿಯನ್ನೇ ಹರಿತಗೊಳಿಸುತ್ತೇವೆ ಎನ್ನುವಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ. ಐಗಳು ಅಂಥ ಮಾತು ಕೊಡುತ್ತಿರಲಿಲ್ಲ. ಸಂತೆಗೆ ಸಾಲುವಷ್ಟು, ಪತ್ರ ಓದುವಷ್ಟು ಕಲಿಸಿ, ಕಾಳು ಅಳೆಯಿಸಿಕೊಂಡು ಹೋಗುತ್ತಿದ್ದರು.

ಅಜ್ಜನಿಗೆ ಆದದ್ದೂ ಅದೇ. ಬೆಲ್ಲ ಮುಕ್ಕಾಲು ಕಿಲೋ ಎಂದರೆ ಎಂದಿನಂತೆ ಥಟ್ಟನೆ ಹಣ ಹೇಳುತ್ತಿದ್ದರು. ಮುಕ್ಕಾಲಿನ ಮಗ್ಗಿ ಇನ್ನೂ ದುಡಿಯುತ್ತಿತ್ತು. ಒಂದು ದಿನ ಅಂಗಡಿಯವನು ತೂಗಿ 700 ಗ್ರಾಂ ಎಂದನು. ಅಜ್ಜ ಸುಮ್ಮನೆ ನಿಂತರು. ನಾನು ಪಾಟಿಯ ಹುಡುಗ, ಮನಸ್ಸಿನಲ್ಲಿಯೇ ಗುಣಿಸುತ್ತಿದ್ದೆ. ಅವರು ನನ್ನ ಕಡೆಗೂ ನೋಡಲಿಲ್ಲ, ಅಂಗಡಿಯವನ ಕಡೆಗೂ ನೋಡಲಿಲ್ಲ. ತಕ್ಕಡಿಯನ್ನೇ ನೋಡುತ್ತ, “ಇನ್ನೊಂಚೂರ ಹಾಕಿ ಮುಕ್ಕಾಲ ಮಾಡಿಬಿಡೊ ತಮ್ಮಾ” ಎಂದರು.