ದುರ್ವಾಸನೆ ಮರವೂ ಅರ್ಬುದ ರೋಗವೂ

ಕಾಳಿದಾಸನ ಮೇಘದೂತದಲ್ಲಿ ಗುಡುಗಿನ ದನಿಗೆ ಭೂಮಿ ಶಿಲೀಂಧ್ರಗಳನ್ನು ತಳೆಯುತ್ತದೆ. ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಅದನ್ನೇ ನಾಯಿಕೊಡೆಯೆಂದು ಕಡೆಗಣಿಸುವುದುಂಟು. ಹೆಸರಿನಲ್ಲಿಯೇ ಇಂಥ ತಿರಸ್ಕಾರ ಹೊತ್ತ ಇನ್ನೊಂದು ಜೀವಿ ಪಶ್ಚಿಮಘಟ್ಟದ ದುರ್ವಾಸನೆ ಮರ. ಅರ್ಬುದ ರೋಗದ ಚಿಕಿತ್ಸೆಯ ಚರಿತ್ರೆಯಲ್ಲಿ ಶಿಲೀಂಧ್ರಕುಲವೂ ಈ ಮರವೂ ಒಂದೆಡೆ ಸೇರಿದ ಬಗೆಯನ್ನು ಇಂದು ಹೇಳಬಯಸುತ್ತೇನೆ.

1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಭಾರತ ಸಂಜಾತರಾದ ಮನ್ಸುಖ್ ವಾಣಿ ಅವರು ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಡಿ.ಎನ್.ಎ. ಎಳೆಯನ್ನು ಕತ್ತರಿಸಿ, ಹುರಿ ಬಿಚ್ಚಿ, ಮತ್ತೆ ಬೆಸೆಯುವ ಕಿಣ್ವವೊಂದು ಕೋಶದಲ್ಲಿದೆ. ಆ ಬೆಸುಗೆಯನ್ನು ಈ ವಸ್ತು ತಡೆಯುತ್ತದೆ. ವಿಭಜನೆಗೆ ತೊಡಗಿದ ಕೋಶ ಸಾಯುತ್ತದೆ. 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಇದನ್ನು ನಮ್ಮ ದುರ್ವಾಸನೆ ಮರದಲ್ಲಿಯೂ ಕಂಡರು. 1996ರಲ್ಲಿ ಇದರಿಂದ ರೂಪಿಸಿದ ಟೊಪೊಟೆಕಾನ್ ಅಂಡಾಶಯದ ಅರ್ಬುದಕ್ಕೂ, ಇರಿನೊಟೆಕಾನ್ ದೊಡ್ಡ ಕರುಳಿನ ಅರ್ಬುದಕ್ಕೂ ಅಮೆರಿಕದಲ್ಲಿ ಮನ್ನಣೆ ಪಡೆದವು. ಬೇಡಿಕೆ ಏರಿತು, ಮರಕ್ಕೆ ಕೊಡಲಿ ಬಿತ್ತು.

2005ರಲ್ಲಿ ಜಮ್ಮುವಿನ ವಿಜ್ಞಾನಿಗಳು, ಈ ಮರದ ಒಳತೊಗಟೆಯಲ್ಲಿ ವಾಸಿಸುವ ಶಿಲೀಂಧ್ರವೊಂದು ತಾನೂ ಕ್ಯಾಂಪ್ಟೊಥೆಸಿನ್ ತಯಾರಿಸುವುದೆಂದು ಪ್ರಕಟಿಸಿದರು. ಮರ ಕಡಿಯದೆಯೇ ಔಷಧ ದೊರೆಯುವುದೆಂಬ ಆಸೆ ಚಿಗುರಿತು. ಆದರೆ 2010ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದಂತೆ, ಮರದಿಂದ ಬೇರ್ಪಟ್ಟ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಮರಳಿ ಮರಳಿ ಬೆಳೆಸಿದಂತೆಲ್ಲ ಆ ಶಕ್ತಿ ಕುಗ್ಗುತ್ತದೆ.

ಅಣಬೆಯ ಪುಡಿಯನ್ನು ನಂಬಿ ಆಸ್ಪತ್ರೆಯನ್ನು ತೊರೆಯಬೇಕೆಂದು ಈ ಚರಿತ್ರೆ ಹೇಳುವುದಿಲ್ಲ. ಆಶ್ರಯವಿತ್ತ ಮರವನ್ನು ಕಳೆದುಕೊಂಡರೆ ಆಶ್ರಿತನ ವಿದ್ಯೆಯೂ ನಮ್ಮ ಕೈತಪ್ಪೀತು ಎಂದಷ್ಟೇ ಅದು ಎಚ್ಚರಿಸುತ್ತದೆ.