ಕೆಮ್ಮಣ್ಣಿನ ಕಾಣದ ಕಣಗಳು

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿದೆ ಕೌದಳ್ಳಿ. ಇಲ್ಲಿನ ಕೆಮ್ಮಣ್ಣಿಗೆ ಬಣ್ಣ ಕೊಟ್ಟಿರುವುದು ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳು. ಮಣ್ಣಿನಿಂದ ಇಂಥ ಕಣಗಳನ್ನು ಬೇರ್ಪಡಿಸುವ ಮೊದಲ ಹಂತ ಕುಂಬಾರರಿಗೆ ಎಂದಿನಿಂದಲೂ ಗೊತ್ತಿರುವಂಥದ್ದೇ: ನೀರಿನಲ್ಲಿ ಕದಡಿ, ಮರಳು ತಳ ಸೇರಿದ ಮೇಲೆ ಮೇಲಿನ ರಾಡಿಯನ್ನು ಬಸಿದುಕೊಳ್ಳುವುದು. ಮರಳು ಕ್ಷಣಗಳಲ್ಲಿ ಇಳಿಯುತ್ತದೆ. 2 ಮೈಕ್ರಾನ್ ಗಾತ್ರದ ಜೇಡಿಕಣ 10 ಸೆಂ.ಮೀ. ಇಳಿಯಲು ಸುಮಾರು 8 ಗಂಟೆ ಬೇಕು. 100 ನ್ಯಾನೊಮೀಟರಿಗಿಂತ ಸಣ್ಣವು ತಾವಾಗಿ ಇಳಿಯಲೆಂದು ಕಾದು ಕೂರುವಂತಿಲ್ಲ. ಪ್ರಯೋಗಾಲಯದಲ್ಲಿ ಸೆಂಟ್ರಿಫ್ಯೂಜಿಗೆ ಹಾಕಿ ವೇಗವಾಗಿ ತಿರುಗಿಸುತ್ತಾರೆ.

ಎರೆಮಣ್ಣಿನ ಸ್ಮೆಕ್ಟೈಟ್ ಖನಿಜದ ಬಗೆಯೇ ಬೇರೆ. ಅದರ ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್. ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಿರಿಯುವುದು ಇದರಿಂದಲೇ. ಈ ಹಾಳೆಗಳನ್ನು ಬಿಡಿಸಿ ನೈಲಾನಿಗೆ ಬೆರೆಸಿದರೆ ಅದರ ಬಲ ಹೆಚ್ಚುತ್ತದೆ.